ವಾರ್ನಿಷ್ ಹೊಡೆದ ಭೂಮಣ್ಣಿ ಬುಟ್ಟಿ

“ಕೆರೆದ್ರೂ ಹೋಗ್ತಿಲ್ಲ, ತಿಕ್ಕಿದ್ರೂ ಹೋಗ್ತಿಲ್ಲ, ಎಂತ ಬಳಿದ್ಯೋ ಮಾರಾಯ ಇದಕ್ಕೆ?”

“ವಾರ್ನಿಷ್ ಅಕ್ಕಾ. ಇಂಜಿನಿಯರ್ ಸಾಹೇಬ್ರ ಮನೆ ಬಾಗಿಲಿಗೆ ಹೊಡೆದ್ನಲ್ಲ, ಅದೇ ಡಬ್ಬದ್ದು. ಎರಡು ಕೋಟ್ ಕೊಟ್ಟಿದೀನಿ!”

“ನಿನ್ನ ಕೋಟಿಗೆ ಬೆಂಕಿ ಬೀಳ! ಬುಟ್ಟಿ ಏನು ಬಾಗಿಲೇನೋ?”

ಗುತ್ಯಮ್ಮ ಕೈಯಲ್ಲಿದ್ದ ಕರಟವನ್ನು ಅಂಗಳಕ್ಕೆ ಎಸೆದಳು. ಬೆಳಗಿನಿಂದ ಮರಳು ಆಯಿತು, ಬೂದಿ ಆಯಿತು, ಬಿಸಿನೀರೂ ಆಯಿತು. ಹೊಸದಾಗಿ ಬಳಿದ ಕೆಮ್ಮಣ್ಣು ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಜಾರಿ ಜಾರಿ ಜಗಲಿಗೆ ಇಳಿಯುತ್ತಿತ್ತೇ ಹೊರತು ಬುಟ್ಟಿಗೆ ಹಿಡಿಯುತ್ತಿರಲಿಲ್ಲ. ಕಾರ್ಗಲ್ ಕಾಲನಿಯಲ್ಲಿ ಬಣ್ಣ ಹೊಡೆಯುವ ತಮ್ಮ ಶೇಷಪ್ಪ ದಸರಾ ರಜೆಗೆಂದು ತಾಳಗುಪ್ಪದ ಹತ್ತಿರದ ಅಕ್ಕನ ಮನೆಗೆ ಬಂದಿದ್ದ. ಹೊಗಳಿಸಿಕೊಳ್ಳಲು ಬಂದವನು ಬೈಸಿಕೊಳ್ಳುತ್ತಾ ಕಂಬಕ್ಕೆ ಒರಗಿ ನಿಂತಿದ್ದ.

ವಿಜಯದಶಮಿ ಕಳೆಯುತ್ತಲೇ ಸಾಗರದ ಸುತ್ತಲಿನ ದೀವರ ಮನೆಗಳಲ್ಲಿ ಭೂಮಣ್ಣಿ ಬುಟ್ಟಿ ಅಟ್ಟದಿಂದ ಇಳಿಯುತ್ತದೆ. ಹೋದ ವರ್ಷದ ಚಿತ್ತಾರದ ಮೇಲೆ ಸಗಣಿ, ಸಗಣಿಯ ಮೇಲೆ ಕೆಮ್ಮಣ್ಣು, ಅದು ಒಣಗಿತೋ ಇಲ್ಲವೋ ಪುಂಡಿ ನಾರಿನ ಕುಂಚವನ್ನು ಅಕ್ಕಿ ಹಿಟ್ಟಿನಲ್ಲಿ ಅದ್ದಿ ಹೊಸ ಚಿತ್ತಾರ! ಭೂಮಿ ಹುಣ್ಣಿಮೆಯ ಬೆಳಗ್ಗೆ ಬಸುರಿ ಭೂಮಿತಾಯಿಗೆ ಬಯಕೆಯ ಅಡುಗೆ ಗದ್ದೆಗೆ ಹೋಗುವುದು ಆ ಬುಟ್ಟಿಯಲ್ಲೇ. ಹುಣ್ಣಿಮೆ ಇನ್ನೇನು ಬಂದೇ ಬಿಟ್ಟಿತ್ತು, ಬುಟ್ಟಿ ನೋಡಿದರೆ ಹೀಗೆ ಫಳಫಳ ಹೊಳೆಯುತ್ತಾ ಕೂತಿತ್ತು.

“ಹೊಸಾದು ತಗಂಡ್ರೆ ಆಯ್ತಪ್ಪ,” ಎಂದ ಶೇಷಪ್ಪ.

“ಅಮ್ಮ ಹೊತ್ಕಂಡು ಬಂದಿದ್ದು ಕಣೋ ಇದು. ನೀನು ಆಗ ಚಡ್ಡಿ ಹಾಕ್ತಿದ್ಯೋ ಇಲ್ವೋ, ನಿಂಗೆಲ್ಲಿ ನೆನಪಿರ್ತದೆ!”

ಹೊಸನಗರದ ಕಡೆಯ ಅವರ ಊರು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋದಾಗ, ಚಿತ್ತಾರದ ಗೋಡೆಯನ್ನು ಎತ್ತಿಕೊಂಡು ಬರಲಾಗದೆ ಅಮ್ಮ ಈ ಬುಟ್ಟಿಯನ್ನು ತಲೆ ಮೇಲೆ ಇಟ್ಟುಕೊಂಡು ಬಂದಿದ್ದಳು. ಆಮೇಲೆ ಅದು ಗುತ್ಯಮ್ಮನ ಪಾಲಿಗೆ ಬಂತು. ಕೈಯ ಕಸುಬೂ ಬಂತು. ಆದರೆ ತನ್ನ ಕೈ ಬರೆದದ್ದು ಗುತ್ಯಮ್ಮನ ಕಣ್ಣಿಗೆ ಯಾವ ವರ್ಷವೂ ಸರಿ ಕಂಡಿದ್ದೇ ಇಲ್ಲ. ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯಲು ಊರೂರಿಂದ ಕರೆಯುತ್ತಿದ್ದರು, ಜನ ಮದುಮಗಳಿಗಿಂತ ಮೊದಲು ಹಸೆಗೋಡೆ ನೋಡಲು ನುಗ್ಗುತ್ತಿದ್ದರು, ಇವಳು ಮಾತ್ರ ಆ ಗೋಡೆಗೆ ಬೆನ್ನು ಹಾಕಿ ಊಟಕ್ಕೆ ಕೂರುತ್ತಿದ್ದಳು! ಬುಟ್ಟಿಯ ವಿಷಯದಲ್ಲಿ ಒಂದು ಸಮಾಧಾನವಿತ್ತು. ಈ ವರ್ಷ ಏನೇ ಕೆಡಲಿ, ಬರುವ ವರ್ಷ ಕೆಮ್ಮಣ್ಣು ಅದನ್ನು ಮುಚ್ಚಿಬಿಡುತ್ತದೆ.

ಹೋದ ವರ್ಷ ಕೆಟ್ಟಿದ್ದು ಸಣ್ಣದಲ್ಲ. ಬುಟ್ಟಿಯ ಸುತ್ತ ಜಡೆಯಂಥ ಗೆರೆಗಳ ಜೋಗಿಜಡೆ ಚಿತ್ತಾರ ಹೆಣೆಯುತ್ತಾ ಬರುವಾಗ ಪಕ್ಕದ ಮನೆಯ ಬೆಳ್ಳಮ್ಮ ಬಂದು ಮಾತಿಗೆ ಕೂತಳು. ಅವಳು ಎದ್ದು ಹೋದಾಗ ನೋಡಿದರೆ, ಸುತ್ತಿ ಬಂದ ಜಡೆ ಶುರುವಾದ ಜಾಗಕ್ಕೆ ಕೂಡಿರಲೇ ಇಲ್ಲ, ಒಂದು ಬೆರಳು ಮೇಲೆ ಹೋಗಿ ನಿಂತಿತ್ತು! ಗುತ್ಯಮ್ಮ ಆ ಸಂದಿಗೆ ಒಂದು ಏಣಿ ಬರೆದು ಮುಚ್ಚಿದಳು. ಹೊಟ್ಟೆ ಉರಿಯುವ ಮಾತೆಂದರೆ, ನೋಡಿದವರೆಲ್ಲ ಆ ಏಣಿಯನ್ನೇ ಹೊಗಳಿದರು. ಶೇಷಪ್ಪನಂತೂ ಮಳೆಗಾಲಕ್ಕೆ ಮುಂಚೆ ಬುಟ್ಟಿಯನ್ನೇ ಕಾರ್ಗಲ್ಲಿಗೆ ಒಯ್ದು, ಇಂಜಿನಿಯರ್ ಹೆಂಡತಿ ವಾಗ್ದೇವಮ್ಮನಿಗೆ ತೋರಿಸಿ, ಪೇಪರಿನಲ್ಲಿ ಸುತ್ತಿ ತಂದುಕೊಟ್ಟಿದ್ದ. ಬಿಚ್ಚದೆ ಅಟ್ಟಕ್ಕೆ ಹಾಕಿದ್ದು ತನ್ನದೇ ತಪ್ಪು ಎಂದು ಈಗ ಅವಳಿಗೆ ಇನ್ನಷ್ಟು ಉರಿ.

“ಆ ಏಣಿ ಅಳಿಸಿ ಹೋಗ್ತದಲ್ಲ ಅಂತ ಬೇಜಾರಾಯ್ತಕ್ಕ, ಅದಕ್ಕೇ ಹೊಡೆದೆ,” ಎಂದ ಶೇಷಪ್ಪ.

“ಅದು ಹೋಗ್ಲಿ ಅಂತಾನೇ ವರ್ಷ ಪೂರ್ತಿ ಕಾದಿದ್ದೆ ನಾನು!”

ಮರಳು ಕಾಗದ ಹಾಕಿ ಉಜ್ಜಿದರೆ ಹೋದೀತು ಎಂದ. ಸಾಮಾನೆಲ್ಲ ವಾಗ್ದೇವಮ್ಮನ ಮನೆಯ ಶೆಡ್ಡಿನಲ್ಲಿದೆ ಎಂದೂ ಸೇರಿಸಿದ. ಗುತ್ಯಮ್ಮ ಕೆಮ್ಮಣ್ಣಿನ ಉಂಡೆ ಕಟ್ಟಿಕೊಂಡು, ಬುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಮ್ಮನ ಜೊತೆ ಬಸ್ ಹತ್ತಿದಳು. ಪಕ್ಕದ ಸೀಟಿನವಳು ಇಣುಕಿ, “ಏಣಿ ಎಷ್ಟು ಚೆಂದ ಬಿದ್ದಿದೆ!” ಎಂದಳು. ಗುತ್ಯಮ್ಮ ಕಾರ್ಗಲ್ ಬರುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು.

“ಅಯ್ಯೋ, ಗುತ್ಯಮ್ಮನೇ ಬಂದ್ರಾ! ಬನ್ನಿ ಬನ್ನಿ, ನಿಮ್ಮ ಬುಟ್ಟಿಗಳನ್ನ ನೋಡಿ ಬನ್ನಿ,” ಎಂದು ವಾಗ್ದೇವಮ್ಮ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದರು.

ಗಾಜಿನ ಶೋಕೇಸು. ಒಳಗೆ ಒಂದರ ಪಕ್ಕ ಒಂದು ಪುಟ್ಟ ಪುಟ್ಟ ಬುಟ್ಟಿಗಳು! ದೊಡ್ಡ ಬುಟ್ಟಿಯ ಜೊತೆಗೆ ಹುಣ್ಣಿಮೆಗೆಂದು ಅವಳು ಬರೆಯುತ್ತಿದ್ದ ಚಿಕ್ಕ ಬುಟ್ಟಿಗಳು ಇವು, ಹಬ್ಬ ಮುಗಿದ ಮೇಲೆ ಶೇಷಪ್ಪ ವರ್ಷಕ್ಕೊಂದು ಕೇಳಿಕೊಂಡು ಒಯ್ದಿದ್ದವು. ಮಕ್ಕಳ ಆಟಕ್ಕೆ ಇರಬೇಕು ಎಂದುಕೊಂಡು ಗುತ್ಯಮ್ಮ ಕೊಟ್ಟಿದ್ದಳು, ಮರೆತೂ ಬಿಟ್ಟಿದ್ದಳು. ಈಗ ಒಂದು ವರ್ಷದ ವಾಲಿದ ಭತ್ತದ ಸಸಿ, ಇನ್ನೊಂದು ವರ್ಷದ ಒಂದು ಕಾಲು ಗಿಡ್ಡಾದ ಕುಂಟೆತ್ತು, ಮತ್ತೊಂದು ವರ್ಷದ ಬಾಗಿದ ಕಣಜ, ಎಲ್ಲವೂ ವಾರ್ನಿಷ್ ಕುಡಿದು ಹಳದಿಯಾಗಿ, ಸಾಲಾಗಿ ಕೂತು ಅವಳನ್ನೇ ನೋಡುತ್ತಿದ್ದವು.

“ಇವೆಲ್ಲ ಇನ್ನೂ ಇದಾವಾ?”

“ಒಂದೂ ಹಾಳಾಗಕ್ಕೆ ಬಿಟ್ಟಿಲ್ಲ. ಮಧ್ಯದಲ್ಲಿ ಜಾಗ ಬಿಟ್ಟಿದೀನಿ ನೋಡಿ, ಈ ಏಣಿ ಬುಟ್ಟಿಗೆ ಅಂತ.”

“ಅಮ್ಮಾವ್ರೇ, ಅದು ಏಣಿ ಅಲ್ಲ. ಜಡೆ ಕೂಡ್ಲಿಲ್ಲ, ಅದನ್ನ ಮುಚ್ಚಕ್ಕೆ ಬರ್ದಿದ್ದು.”

ವಾಗ್ದೇವಮ್ಮ ಬಗ್ಗಿ ನೋಡಿದರು, ಬೆರಳಿಟ್ಟು ಜಡೆಯ ಎರಡು ತುದಿ ಹುಡುಕಿದರು, ನಕ್ಕೇ ನಕ್ಕರು. “ಹಾಗಾದ್ರೆ ನಂಗೆ ಇದೇ ಬೇಕು!”

ಗುತ್ಯಮ್ಮ ಶೆಡ್ಡಿಗೆ ಹೋಗಿ ಮರಳು ಕಾಗದವನ್ನು ತಮ್ಮನ ಕೈಗೆ ಕೊಟ್ಟಳು. “ಉಜ್ಜು. ಮೊದ್ಲು ಏಣಿ.”

“ಟರ್ಪೆಂಟೈನ್ ಹಾಕಿದ್ರೆ ಬೇಗ ಹೋಗ್ತದಕ್ಕ...”

“ಆ ನಾತದಲ್ಲಿ ಭೂಮಿತಾಯಿಗೆ ಉಣ್ಣಕ್ಕಿಡ್ಲಾ? ಉಜ್ಜೋ ಸುಮ್ನೆ!”

ಅವನು ಉಜ್ಜಿದ, ಅಕ್ಕ ಉಜ್ಜಿದಳು, ನೋಡಲಾರದೆ ವಾಗ್ದೇವಮ್ಮನೂ ಸೀರೆ ಮೇಲೆತ್ತಿ ಸಿಕ್ಕಿಸಿ ಕೂತರು. ಶೆಡ್ಡಿನ ತುಂಬ ಹಳದಿ ಪುಡಿ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬುಟ್ಟಿಯ ಹೊಳಪು ಹೋಗಿ ಮೈ ತರಿತರಿಯಾಯಿತು. ಗುತ್ಯಮ್ಮ ಉಂಡೆ ನೆನೆಸಿ, ಏಣಿ ಇದ್ದ ಕಡೆಗೇ ಮೊದಲು ಕೆಮ್ಮಣ್ಣು ಬಳಿದು ಬಗ್ಗಿ ನೋಡಿದಳು. ಮಣ್ಣು ಸ್ವಲ್ಪ ಜಾರಿತು. ಆಮೇಲೆ ಹಿಡಿಯಿತು.

“ಹಿಡೀತು!” ಎಂದು ಚಪ್ಪಾಳೆ ಹೊಡೆದವರು ವಾಗ್ದೇವಮ್ಮ. ಏಣಿ ಹೋಯಿತೆಂಬುದು ಅವರಿಗೆ ನೆನಪಾದದ್ದು ಆಮೇಲೆ.

ಗುತ್ಯಮ್ಮ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ಹೊರಟಳು. ಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಶೋಕೇಸಿನ ಕಡೆ ತಿರುಗಿದಳು. ಕುಂಟೆತ್ತು ಇನ್ನೂ ಅವಳನ್ನೇ ನೋಡುತ್ತಿತ್ತು.

“ಶೇಷಾ, ಮರಳು ಕಾಗದ ಉಳಿದಿದೆಯೇನೋ?”

“ಬೇಕಾದಷ್ಟಿದೆ. ಯಾಕಕ್ಕ?”

“ಹುಣ್ಣಿಮೆ ಕಳೀಲಿ. ಮುಂದಿನ ವಾರ ಬರ್ತೀನಿ. ಮಣ್ಣು, ಹಿಟ್ಟು, ಕುಂಚ ಎಲ್ಲ ನಾನೇ ತರ್ತೀನಿ. ಆ ಎತ್ತಿನ ಕಾಲಿಂದ ಶುರು ಮಾಡಾಣ.”

ವಾಗ್ದೇವಮ್ಮ ಮೆಲ್ಲಗೆ ಶೋಕೇಸಿನ ಬೀಗದ ಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಊಟಕ್ಕೇ ಬನ್ನಿ ಗುತ್ಯಮ್ಮ,” ಎಂದರು, “ಬೀಗದ ಮಾತು ಆಮೇಲೆ.”