ಶಾಂತವ್ವ ಕಳಚಿದ ಬಳೆಗಳು

ಶಾಂತಾ, ಹಾವೇರಿಯ ಆ ಕೆಲಸ ನಿನ್ನ ಕೈ ತಪ್ಪಿದ್ದು ನನ್ನಿಂದ. ನಿನ್ನ ತಲೆ ನೆಟ್ಟಗಿಲ್ಲವೆಂದು ಕೆಲಸ ಕೊಡಲು ಬಂದವರಿಗೆ ಹೇಳಿದವಳು ನಾನೇ — ನಿನ್ನ ಬೆನ್ನಿಗೆ ನಿಲ್ಲಬೇಕಾದ ಅಕ್ಕ.

ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು. ಬ್ಯಾಡಗಿಯಲ್ಲಿ ಅವ್ವನ ಪಕ್ಕ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಉರಿಯುವ ಬೆರಳಲ್ಲೇ ಪುಟ ತಿರುವಿ ಓದಿ ಟೀಚರ್ ಆದವಳು. ಆ ಹೆಮ್ಮೆ ಈಗಲೂ ಇದೆ. ಏನೇ ಬಂದರೂ ಓಣಿಯವರು 'ಅಕ್ಕೋರನ್ನ ಕೇಳ್ರಿ' ಎನ್ನುತ್ತಿದ್ದರು. ಆ ಮಾತು ನನಗೆ ಊಟದಷ್ಟೇ ಬೇಕಾಗಿತ್ತು.

ಆಮೇಲೆ ಮೋಟೆಬೆನ್ನೂರಿನ ಹತ್ತಿರ ಹೈವೇ ಅಪಘಾತದಲ್ಲಿ ನಿನ್ನ ಗಂಡ ತೀರಿಕೊಂಡ. ಹಿರಿಯ ಹೆಂಗಸರು ನಿನ್ನ ಕೈ ಹಿಡಿದು ಬಳೆ ಒಡೆದರು. ಗಾಜು ಮಣಿಕಟ್ಟಿಗೆ ನಾಟಿತು. ತವರಿಗೆ ಬಂದ ನೀನು ಬಹಳ ದಿನ ಮಾತೇ ಆಡಲಿಲ್ಲ. ಅನ್ನ ಕಲಸಿ ಉಣಿಸಿದ್ದು ನಾನು. ಆಗಿನ ನೀನೇ ನನಗೆ ಹೆಚ್ಚು ಇಷ್ಟವಾಗಿದ್ದೆಯೇನೋ... ಹೇಳಲು ನಾಚಿಕೆ, ಆದರೂ ಖರೇ.

ಒಂದು ದಿನ ಹಿಂದಿನ ಓಣಿಯಲ್ಲಿ ಹುಡುಗಿಯೊಬ್ಬಳ ಗಂಡ ಸತ್ತ. ನೀನು ಎದ್ದು, ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಹೋದೆ. ಬಳೆ ಒಡೆಯಲು ಬಂದವರನ್ನು ತಡೆದು, ಆ ಹುಡುಗಿಯ ಕೈಗೆ ಎಣ್ಣೆ ಸವರಿ ಒಂದೊಂದೇ ಬಳೆ ಕಳಚಿದೆ.

"ಮನಸಾದಾಗ ಮತ್ತ ಇಟಗೊ, ತಂಗಿ. ನಾ ಇಟಗೊಂಡೇನಿ ನೋಡು."

ನಿನ್ನ ಗಾಯದ ಗುರುತಿನ ಮೇಲೆ ಹಸಿರು ಬಳೆಗಳಿದ್ದವು. ಬೈಯಲು ಎದ್ದ ಮುದುಕಿಯೂ ಮತ್ತೆ ಕುಳಿತಳು.

ಅಂದಿನಿಂದ ಸಾವಾದ ಮನೆಗಳಿಂದ ನಿನಗೆ ಕರೆ ಬರತೊಡಗಿತು, ರಾಣೆಬೆನ್ನೂರಿನಿಂದಲೂ. ಒಮ್ಮೆ ನಾನೂ ನಿನ್ನ ಜೊತೆ ಹೊರಟು ಚಪ್ಪಲಿ ಮೆಟ್ಟಿದಾಗ ಪಕ್ಕದ ಮನೆಯ ನೀಲವ್ವ ನಕ್ಕಳು: "ಅಲ್ಲಿ ಅರ್ಜಿ ಬರಿಯೂದೇನೈತ್ರಿ ಅಕ್ಕೋರ? ನೀವು ಕುಂದರ್ರಿ, ಶಾಂತವ್ವ ಹೋಗಲಿ."

ಕುಳಿತೆ. ಮೆಣಸಿನಕಾಯಿ ಮುಟ್ಟಿದ ಕೈ ಕಣ್ಣಿಗೆ ತಾಗಿದಂತೆ ಉರಿಯಿತು. ನಾನು ವರ್ಷಗಟ್ಟಲೆ ಓದಿ ಗಳಿಸಿದ ಮರ್ಯಾದೆ ನಿನಗೆ ಗಂಡ ಸತ್ತದ್ದರಿಂದ ಬಂತಲ್ಲ ಎಂದುಕೊಂಡೆ. ಇಂಥದ್ದಕ್ಕೂ ಹೊಟ್ಟೆಕಿಚ್ಚು ಪಡುವವರಿರುತ್ತಾರೆ — ನಾನಿದ್ದೆ.

ಹಾವೇರಿಯ ಒಂದು ಮಹಿಳಾ ಸಂಸ್ಥೆಯವರು, ಇಂಥ ಮನೆಗಳಿಗೆ ಹೋಗಿ ಧೈರ್ಯ ಹೇಳಲು ಸಂಬಳದ ಮೇಲೆ ಒಬ್ಬರು ಬೇಕೆಂದು ನಿನ್ನನ್ನು ಹುಡುಕಿಕೊಂಡು ಬಂದರು. ನೀನು ಮನೆಯಲ್ಲಿರಲಿಲ್ಲ. ಓದಿದವಳೆಂದು ನಂಬಿ ನನ್ನನ್ನು ವಿಚಾರಿಸಿದರು. ನಾನು ಚಹಾ ಕೊಟ್ಟು, ದನಿ ತಗ್ಗಿಸಿ ಹೇಳಿದೆ: "ಆಕಿ ಇನ್ನೂ ನೆಟ್ಟಗಾಗಿಲ್ಲರಿ. ಎಲ್ಲಿ ಯಾರ ಸತ್ರೂ ಎಣ್ಣಿ ಬಾಟ್ಲಿ ಹಿಡಕೊಂಡು ಓಡತಾಳ. ಅದೊಂದು ಹುಚ್ಚು ಹತ್ತೇತಿ."

ನೀನು ಬಾಟಲಿ ಹಿಡಿದು ಓಡುತ್ತಿದ್ದುದು ಸುಳ್ಳಲ್ಲ. ನೀನು ಮಾಡುತ್ತಿದ್ದ ಒಳ್ಳೆಯ ಕೆಲಸವನ್ನೇ ರೋಗವೆಂದು ತೋರಿಸಿದೆ. ಅಷ್ಟೇ ಸಾಕಾಯಿತು.

ಅವರು ಬೇರೊಬ್ಬರನ್ನು ತೆಗೆದುಕೊಂಡರು. ನೀನು ಹಾವೇರಿಗೆ ಹೋಗಿ ವಿಚಾರಿಸಿ ಬಂದು ನನ್ನನ್ನು ಕೇಳಿದೆ: "ಇನ್ನಷ್ಟ ವಿಶ್ರಾಂತಿ ತಗೋರಿ ಅಂದ್ರು. ನಾ ಇನ್ನೂ ನೆಟ್ಟಗಾಗಿಲ್ಲೇನ, ಅಕ್ಕಾ?"

ನಾನು ಅಕ್ಕಿ ಆರಿಸುತ್ತ, ತಲೆ ಎತ್ತದೆ, "ಇರಬಹುದು" ಎಂದೆ.

ನೀನು ನಂಬಿದೆ. ಓದಿದವಳಲ್ಲವೆ ನಾನು... ಎಣ್ಣೆಯ ಬಾಟಲಿ ಗೋಡೆಗೂಡಿನ ಮೂಲೆ ಸೇರಿತು. ಕರೆಯಲು ಬಂದವರನ್ನು, ಆರಾಮಿಲ್ಲವೆಂದು ಹೇಳಿ ನೀನೇ ವಾಪಸು ಕಳಿಸತೊಡಗಿದೆ.

ಹೋದ ವಾರ ನೀಲವ್ವನ ಮಗ ತೀರಿಕೊಂಡ. ಆಕೆ ಅಳುತ್ತ ನಮ್ಮ ಬಾಗಿಲಿಗೆ ಬಂದು ನಿನ್ನನ್ನೇ ಕೇಳಿದಳು. ನೀನು ಒಳಗಿನಿಂದ, ನನ್ನ ತಲೆಯೇ ನೆಟ್ಟಗಿಲ್ಲ, ನಾನೇನು ಬರಲಿ ಎಂದೆ. ನಾನು ಹೋದೆ. ಸೊಸೆಯ ಬಳೆ ಕಲ್ಲಿಗೆ ಬಡಿದು ಒಡೆಯುವ ಸಪ್ಪಳ ಕೇಳಿದೆ. ಮಣಿಕಟ್ಟಿನಿಂದ ರಕ್ತ — ಒಡೆಯುವವರನ್ನು ತಡೆಯಲು ನನಗೆ ಬಾಯಿ ಬರಲಿಲ್ಲ.

ನಾಳೆ ಹಾವೇರಿಗೆ ಹೋಗಿ, ಅವರೆದುರು ನಾನಾಡಿದ್ದನ್ನು ನಾನೇ ಬಿಚ್ಚಿ ಹೇಳುತ್ತೇನೆ. ಆ ಕೆಲಸ ಮರಳಿ ಬರದಿರಬಹುದು. ಅದಕ್ಕೂ ಮೊದಲು, ಅಂದು ನೀನು ಕೇಳಿದ್ದಕ್ಕೆ ಇಂದು ಉತ್ತರ ಕೊಡುತ್ತಿದ್ದೇನೆ. ನೀನು ನೆಟ್ಟಗಾಗಿದ್ದೆ, ಶಾಂತಾ. ನನಗದು ಕಂಡಿತ್ತು. ಕಂಡದ್ದಕ್ಕೇ ಹಾಗೆ ಹೇಳಿದೆ.