ಅಕ್ಕನ ಫೋಟೊಕ್ಕೆ ಕಣ್ಣು ತೆರೆಸಿದ್ದು

ಅಕ್ಕ ತೀರಿಕೊಂಡ ದಿನ ನನ್ನ ಪಾಲಿಗೆ ಬಂದ ಮೊದಲ ಕೆಲಸ ಫೋಟೊ ತೆಗೆಯುವವರನ್ನು ಕರೆಸುವುದು. ಇರಕಲ್ಲಗಡದ ಅವಳ ಮನೆಯ ಪಡಸಾಲೆಯಲ್ಲಿ, ನಮ್ಮ ಪದ್ಧತಿಯಂತೆ, ಅಕ್ಕನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಮೈಮೇಲೆ ಹಸಿರು ಸೀರೆ. ಮಣ್ಣಿಗೆ ಒಯ್ಯುವ ಮೊದಲು ಮನೆಯವರೆಲ್ಲ ಅವಳ ಪಕ್ಕ ಕೂತು ಒಂದು ಫೋಟೊ ತೆಗೆಸಬೇಕು. ಅದು ನಮ್ಮಲ್ಲಿ ರೂಢಿ.

ಕೊಪ್ಪಳದಲ್ಲಿ ನನ್ನ ಓಣಿಯ ಸ್ಟುಡಿಯೊದವರಿಗೆ ಫೋನ್ ಮಾಡಿದೆ. ವಯಸ್ಸಾದ ಮುಸ್ಲಿಂ ಮನುಷ್ಯ, ಮದುವೆ ಫೋಟೊಗಳಿಗೆ ಹೆಸರಾದವರು. ವಿಷಯ ಹೇಳಿದ ಮೇಲೆ ನನ್ನ ಬಾಯಿಂದ ಬಂದದ್ದು, "ಎಷ್ಟಾಗ್ತದ್ರಿ ಅಣ್ಣಾರ?"

"ಸಾವಿನ ಮನ್ಯಾಗ ನಿಂತು ರೇಟ್ ಕೇಳಬ್ಯಾಡ್ರಿ ತಂಗ್ಯವ್ವ. ಬರ್ತೀನಿ," ಅಂದರು.

ಆ ಹೊತ್ತಿನಲ್ಲಿ ಅದನ್ನು ಯಾಕೆ ಕೇಳಿದೆ ಎಂದು ಈಗಲೂ ತಿಳಿಯುವುದಿಲ್ಲ. ಅವ್ವ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅಕ್ಕ. ಬೆಲೆ ಕೇಳದೆ ಏನನ್ನೂ ಕೊಳ್ಳಬೇಡ ಎಂದು ಕಲಿಸಿದವಳೂ ಅವಳೇ.

ಅವರು ಬಂದು, ಚಪ್ಪಲಿ ಬಿಟ್ಟು, ಅಕ್ಕನ ಎದುರು ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತರು. ಎಲ್ಲರ ಫೋಟೊ ಆದ ಮೇಲೆ ಅಕ್ಕನ ಮುಖದ್ದಷ್ಟೇ ಇನ್ನೊಂದು ತೆಗೆದರು. ನಾನು ಅದನ್ನು ಕೇಳಿರಲಿಲ್ಲ.

ಐದನೇ ದಿನ ತೊಡಕು ಶುರುವಾಯಿತು. ಹನ್ನೊಂದನೇ ದಿನದ ಕಾರ್ಯಕ್ಕೆ ಗೋಡೆಗೆ ಹಾಕಲು ಅಕ್ಕನದೊಂದು ಫೋಟೊ ಬೇಕು. ಹುಡುಕಿದರೆ, ಇದ್ದ ಫೋಟೊಗಳಲ್ಲೆಲ್ಲ ಅವಳು ಕಣ್ಣು ಮುಚ್ಚಿದ್ದಾಳೆ. ಫ್ಲ್ಯಾಶ್ ಬಡಿದರೆ ಕಣ್ಣು ಹೋಗುತ್ತವೆ ಎಂದು ಚಿಕ್ಕವಳಿದ್ದಾಗ ಯಾರೋ ಹೆದರಿಸಿದ್ದರು. ಆಮೇಲೆ ಮೊಬೈಲ್ ಬಂತು, ಫ್ಲ್ಯಾಶ್ ಹೋಯಿತು, ಅಕ್ಕನ ಅಭ್ಯಾಸ ಹೋಗಲಿಲ್ಲ. ಅವಳು ಬಿಸಿಯೂಟದ ಅಡುಗೆ ಮಾಡುತ್ತಿದ್ದ ಶಾಲೆಯ ಗುಂಪಿನ ಫೋಟೊದಲ್ಲೂ ಅಷ್ಟೇ, ನನ್ನ ಮದುವೆಯ ಆಲ್ಬಮ್ಮಿನಲ್ಲೂ ಅಷ್ಟೇ. "ಇಕಿ ಫೋಟೊದಾಗ ನಿದ್ದಿ ಮಾಡ್ತಾಳ," ಎಂದು ಅವಳ ಗಂಡ, ನಮ್ಮ ಮಾಮ, ಕಾಡಿಸುತ್ತಿದ್ದ. "ನಿಮ್ಮ ಮಾರಿ ನೋಡೂದಕ್ಕಿಂತ ನಿದ್ದಿ ಛಲೋ," ಅನ್ನುತ್ತಿದ್ದಳು.

"ಕಣ್ಣು ಮುಚ್ಚಿದ ಫೋಟೊ ಗ್ವಾಡಿಗೆ ಹಾಕಬಾರ್ದು. ಮನಿಗೆ ಛಲೋ ಅಲ್ಲ," ಎಂದಳು ದೊಡ್ಡವ್ವ. ಅವಳ ಮಾತಿಗೆ ನಮ್ಮಲ್ಲಿ ಎದುರಿಲ್ಲ. ಕಣ್ಣು ತೆರೆದಿದ್ದದ್ದು ಆಧಾರ್ ಕಾರ್ಡಿನಲ್ಲಿ ಮಾತ್ರ, ಅದನ್ನು ಹಿಡಿದು ಸ್ಟುಡಿಯೊಕ್ಕೆ ಹೋದೆ. ಅವರು ಅದನ್ನು ದೀಪದ ಕೆಳಗೆ ಹಿಡಿದು ನೋಡಿ, "ಇದ್ರಾಗ ಕಣ್ಣಿನ ಜಾಗಾದಾಗ ಎರಡು ಕರಿ ಚುಕ್ಕಿ ಅದಾವ್ರಿ, ಅಷ್ಟ," ಅಂದರು. ಆಮೇಲೆ ಕೊನೆಯ ದಿನದ ಆ ಮುಖವನ್ನು ಕಂಪ್ಯೂಟರಿನಲ್ಲಿ ತೆರೆದರು. "ಇದಕ್ಕ ಕಣ್ಣು ತೆರಸಬಹುದು. ಆದ್ರ ಕೂಡಸಾಕ ಕಣ್ಣು ಬೇಕು. ಅಕ್ಕನಂಥಾ ಕಣ್ಣು ನಿಮ್ಮ ಮನ್ಯಾಗ ಯಾರಿಗೆ ಅದಾವ?"

ನಮ್ಮಿಬ್ಬರವೂ ಅವ್ವನ ಕಣ್ಣು. ನಾನು ಹೇಳುವ ಮೊದಲೇ ಅವರು ನನ್ನ ಕಣ್ಣು ನೋಡಿದರು.

"ಫೋಟೊ, ಅದರ ಗಾಜಿನ ಕಟ್ಟು ಬ್ಯಾರೆ. ಕಣ್ಣಿನ ಕೆಲಸಕ್ಕ ಎರಡು ಸಾವಿರ ಆಗ್ತದ."

"ಎರಡು ಕಣ್ಣಿಗೆ ಎರಡು ಸಾವಿರೇನ್ರಿ?"

"ಒಂದ ತೆರಸಾಕ ಬರೂದಿಲ್ಲಲ್ಲ ತಂಗ್ಯವ್ವ."

ಒಂದು ಗುಂಡಿ ಒತ್ತಿದರೆ ಆಗುವ ಕೆಲಸಕ್ಕೆ ಅಷ್ಟು ಯಾಕೆ ಎಂದು ನನಗನಿಸಿದ್ದನ್ನು ಅವರು ಕಂಡುಕೊಂಡಿರಬೇಕು. ಅಕ್ಕನ ಮುಖಕ್ಕೆ ಬೆಳಕು ಬಾಗಿಲಿನ ಕಡೆಯಿಂದ ಬಂದಿದೆ, ಬೇರೆ ಬೆಳಕಿನ ಕಣ್ಣು ಅಂಟಿಸಿದರೆ ಗೊಂಬೆಯ ಕಣ್ಣಾಗುತ್ತದೆ, ಅದಕ್ಕೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನೀವು ಕೂರಬೇಕು ಎಂದು ತಿಳಿಸಿ ಹೇಳಿದರು. ನಾನು ಹೂಂ ಅಂದೆ. ಯಾವುದಕ್ಕೆ ಹೂಂ ಅಂದೆನೋ ಆಗ ಪೂರ್ತಿ ಹೊಳೆದಿರಲಿಲ್ಲ.

ಏಳನೇ ದಿನ ಮಧ್ಯಾಹ್ನ ಅವರು ಮತ್ತೆ ಇರಕಲ್ಲಗಡಕ್ಕೆ ಬಂದರು. ಅಕ್ಕನನ್ನು ಕೂಡಿಸಿದ್ದ ಜಾಗದಲ್ಲಿ ನಾನು ಗೋಡೆಗೆ ಆನಿಕೊಂಡು ಕೂತೆ. ದೊಡ್ಡವ್ವ ಅಡುಗೆಮನೆಯಿಂದಲೇ ಕೂಗಿದಳು:

"ಜೀಂವ ಇರಾಕಿ ಹೆಣದ ಜಾಗಾದಾಗ ಕುಂತಾಳಲ್ಲ! ಬುದ್ಧಿ ಐತೇನ ನಿನಗ?"

"ಮುಚ್ಚಿದ ಕಣ್ಣು ಬ್ಯಾಡ ಅಂದಾಕಿ ನೀನ ಅಲ್ಲೇನ ದೊಡ್ಡವ್ವ?"

"ಬ್ಯಾಡ ಅಂದೆ. ನಿನ್ನ ಕಣ್ಣು ಕಿತ್ತು ಹಚ್ಚ್ರಿ ಅಂದೆನೇನು?"

ಗೋಡೆ ತಣ್ಣಗಿತ್ತು. ನನ್ನ ತಲೆಯ ಹತ್ತಿರ ಎಣ್ಣೆಯ ಸಣ್ಣ ಕಲೆಯಿತ್ತು, ಅಕ್ಕನ ಕೂದಲಿನದು. ಒಂದು ಮೋಡ ಅಡ್ಡ ಬಂದಿತ್ತು, ಅದು ಸರಿಯುವವರೆಗೆ ಅವರು ಕಾದರು. "ಕಣ್ಣು ಅಗಲ ಮಾಡಬ್ಯಾಡ್ರಿ. ಅಕ್ಕನ್ನ ನೆನಸ್ಕೊಂಡು ಇಲ್ಲೆ ನೋಡ್ರಿ," ಅಂದರು. ನೋಡಿದೆ. ತೆಗೆದರು, ಅಳಿಸಿದರು, ಮತ್ತೆ ತೆಗೆದರು. ಎರಡು ಸಾವಿರದಲ್ಲಿ ಯಾವ ಪಾಲು ಯಾವುದಕ್ಕೆ ಎಂದು ಆಮೇಲೆ ನಾನು ಯೋಚಿಸಲಿಲ್ಲ. ಅವರ ಕೆಲಸದ ಬೆಲೆ ಅರ್ಥವಾಗಿತ್ತು. ನನ್ನದು ಆಗಿರಲಿಲ್ಲ.

ಹತ್ತನೇ ದಿನ ಫೋಟೊ ಸಿಕ್ಕಿತು. ಕಣ್ಣು ಸರಿಯಾಗಿ ಕೂತಿದ್ದವು. ಆದರೆ ಅಕ್ಕನ ನೋಟವೇ ಬೇರೆ. ಒಲೆಯ ಹೊಗೆಗೆ ಒಂದು ಕಣ್ಣು ಕಿರಿದು ಮಾಡಿ, ಇವಳು ಉಂಡಿದ್ದಾಳೋ ಇಲ್ಲವೋ ಎಂದು ಅಳೆಯುವ ನೋಟ ಅವಳದು. ಇಲ್ಲಿದ್ದದ್ದು ಅದಲ್ಲ. ಕಾರ್ಯಕ್ಕೆ ಬಂದವರೆಲ್ಲ, "ಜೀಂವ ಬಂದಂಗೈತಿ," ಅಂದರು. ದೊಡ್ಡವ್ವ ಮಾತ್ರ ಫೋಟೊದ ಎದುರು ನಿಂತು, "ಯಾರನ್ನೋ ಹುಡುಕಾಕತ್ಯಾಳ," ಅಂದಳು.

ಆ ದಿನ ಗೋಡೆಗೆ ಆನಿಕೊಂಡು ಕೂತು ನಾನು ಹುಡುಕಿದ್ದು ಅಕ್ಕನನ್ನೇ. ಆ ನೋಟ ಈಗ ಅವಳ ಮುಖದಲ್ಲಿ ಕೂತಿದೆ. ಸತ್ತವಳಿಗೆ ಕಣ್ಣು ತೆರೆಸಲು ಹೋಗಿ ನನ್ನ ದುಃಖವನ್ನು ಅವಳಿಗೆ ಹೊರಿಸಿದೆನೇ? ಹಾಗನ್ನಿಸಿದ ಮೇಲೆ ನನಗೆ ಊಟ ಸೇರಲಿಲ್ಲ.

ತಿಂಗಳಾದ ಮೇಲೆ ಸ್ಟುಡಿಯೊಕ್ಕೆ ಹೋಗಿ ಕೇಳಿದೆ. "ಆ ಕಣ್ಣು ಮತ್ತ ಮುಚ್ಚಿಸಾಕ ಎಷ್ಟಾಗ್ತದ್ರಿ?"

ಅವರು ನಗಲಿಲ್ಲ. "ಮುಚ್ಚಿಸಾಕ ಏನ್ ರೊಕ್ಕ? ಮುಚ್ಚಿದ್ದು ಹಂಗ ಐತಿ. ರೊಕ್ಕ ತೆರಸಿದ್ದಕ್ಕ." ತಮ್ಮ ಮನೆಯಲ್ಲಿ ಸತ್ತವರ ಫೋಟೊ ಹಾಕುವುದಿಲ್ಲ, ಅದಕ್ಕೆ ಯಾವುದು ಸರಿ ಎಂದು ತಮಗೆ ಹೇಳಲು ಬರುವುದಿಲ್ಲ ಅಂದರು. ಮುಚ್ಚಿದ ಕಣ್ಣಿನದೊಂದು ಪ್ರತಿ ತೆಗೆದು ಕೈಗಿಟ್ಟರು.

ಅದನ್ನು ಬದಲಿಸಿ ಬರಬೇಕೆಂದು ಚೀಲದಲ್ಲಿಟ್ಟುಕೊಂಡು ಇರಕಲ್ಲಗಡಕ್ಕೆ ಹೋದೆ. ಮಾಮ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಫೋಟೊದ ಮುಂದೆ ನಿಂತಿದ್ದ. "ಹೊಲಕ್ಕ ಹೋಗಿ ಬರ್ತೀನಿ," ಎಂದು ಅದಕ್ಕೆ ಹೇಳಿ ತಿರುಗಿದರೆ ನಾನು. ಸ್ವಲ್ಪ ನಾಚಿಕೊಂಡ. "ಈಗರೆ ನನ್ನ ಮಾರಿ ನೋಡಾಕತ್ಯಾಳ ನೋಡವ್ವ ನಿಮ್ಮಕ್ಕ," ಅಂದ.

ಚೀಲ ಬಿಚ್ಚಲಿಲ್ಲ. ಕಣ್ಣು ಮುಚ್ಚಿದ ಅಕ್ಕ ಈಗ ಕೊಪ್ಪಳದಲ್ಲಿ ನನ್ನ ಅಡುಗೆಮನೆಯ ಗೋಡೆಯ ಮೇಲಿದ್ದಾಳೆ. ದೊಡ್ಡವ್ವನಿಗೆ ಗೊತ್ತಿಲ್ಲ. ಇರಕಲ್ಲಗಡಕ್ಕೆ ಹೋದಾಗ ನಾನು ಪಡಸಾಲೆಯಲ್ಲಿ ಫೋಟೊ ನನಗೆ ಕಾಣದಂತೆ ಅದರ ಕೆಳಗೇ, ಗೋಡೆಗೆ ಬೆನ್ನು ಕೊಟ್ಟು ಕೂರುತ್ತೇನೆ. ನನ್ನ ಎದುರು ಬಂದು ಕೂತ ಮಾಮ ಒಮ್ಮೆ ಮೇಲಿನ ಆ ಕಣ್ಣು ನೋಡಿ, ಒಮ್ಮೆ ನನ್ನ ಕಣ್ಣು ನೋಡಿ, ಮಾತು ನಿಲ್ಲಿಸಿಬಿಡುತ್ತಾನೆ.