ಆರು ಜೊತೆ ಪ್ಲೇಟು, ಹನ್ನೆರಡು ಜನ

ಬಹರೈನಿನಲ್ಲಿ ಹಡಗುಗಳಿಗೆ ಸಾಮಾನು ಒದಗಿಸುವ ಸಣ್ಣ ಕಂಪನಿಯೊಂದರಲ್ಲಿ ಖರೀದಿಯ ಕೆಲಸ ನನ್ನದು. ಈರುಳ್ಳಿ, ಹಗ್ಗ, ಬಣ್ಣದ ಡಬ್ಬ, ಎಲ್ಲಕ್ಕೂ ಚೌಕಾಸಿ ಮಾಡಿ ಅಭ್ಯಾಸ. ಗುಂಡು ತಡೆಯುವ ಪ್ಲೇಟಿಗೂ ಒಂದು ದಿನ ಚೌಕಾಸಿ ಮಾಡಬೇಕಾದೀತು ಎಂದು ಊರು ಬಿಡುವಾಗ ಯಾರೂ ಹೇಳಿರಲಿಲ್ಲ.

ನಮ್ಮದೇ ಹಡಗೊಂದು ಕೆಂಪು ಸಮುದ್ರದ ಕಡೆ ಹೊರಟಿತ್ತು. ಆ ದಾರಿಯಲ್ಲಿ ಹಡಗುಗಳ ಮೇಲೆ ದಾಳಿ ನಡೆಯುತ್ತಿದ್ದ ಸಮಯ. ಹನ್ನೆರಡು ಮಂದಿಗೂ ಬಟ್ಟೆಯ ಕವಚ ಬಂದಿತ್ತು. ಆದರೆ ಎದೆಯ ಮತ್ತು ಬೆನ್ನಿನ ಜೇಬಿನೊಳಗೆ ಗಟ್ಟಿ ಪ್ಲೇಟು ಇಲ್ಲದಿದ್ದರೆ ಅದು ಸಣ್ಣಪುಟ್ಟ ಚೂರು ತಡೆದೀತು, ರೈಫಲ್ ಗುಂಡನ್ನಲ್ಲ. ಮುದೀರ್, ಅಂದರೆ ನಮ್ಮ ಮ್ಯಾನೇಜರು, ಒಂದು ಮೊತ್ತ ಹೇಳಿ "ಇಷ್ಟರೊಳಗೆ ಮುಗಿಸು, ಖಲಾಸ್" ಎಂದರು. ಆ ಹಡಗಿನ ಅಡುಗೆಯವರು ನನ್ನ ಅಕ್ಕನ ಗಂಡ.

ಪರವಾನಗಿ ಇದ್ದ ವ್ಯಾಪಾರಿ ಮೇಜಿನ ಮೇಲೆ ಮೂರು ಬಗೆಯದನ್ನು ಇಟ್ಟ. ಉಕ್ಕಿನದು ಅಗ್ಗ, ಹನ್ನೆರಡು ಜನಕ್ಕೂ ಬರುತ್ತಿತ್ತು. ಹಾಕಿಕೊಂಡು ಆಫೀಸಿನ ಮೆಟ್ಟಿಲು ಹತ್ತಿದೆ. ಮೇಲೆ ಮುಟ್ಟುವಾಗ ಕೂತುಬಿಟ್ಟೆ. ಇದನ್ನು ಹಾಕಿಕೊಂಡು ನೀರಿಗೆ ಬಿದ್ದರೆ ಗುಂಡೇ ಬೇಕಾಗಿಲ್ಲ. ಒತ್ತಿ ಮಾಡಿದ ಪ್ಲಾಸ್ಟಿಕ್ಕಿನದು ಹಗುರ, ಆದರೆ ಬಿಸಿಲಿಗೆ ಕೆಡುತ್ತದೆಯಂತೆ. ಇಲ್ಲಿನ ಬಿಸಿಲಿಗೆ ಮನುಷ್ಯನೇ ಕೆಡುತ್ತಾನೆ. ಉಳಿದದ್ದು ಸೆರಾಮಿಕ್: ಹೊರಬಹುದಾದಷ್ಟು ಭಾರ, ಎತ್ತಿ ಹಾಕದಿದ್ದರೆ ಬಾಳಿಕೆ. ಬೆಲೆ ಕೇಳಿದ ಮೇಲೆ ಆರೇ ಜೊತೆ ಎಂದು ಖಚಿತವಾಯಿತು.

ಆರು ಯಾರಿಗೆ ಎಂಬುದರಲ್ಲಿ ಚರ್ಚೆ ಇರಲಿಲ್ಲ; ಕಂಪನಿಯ ಸುರಕ್ಷತೆಯ ಅಧಿಕಾರಿ ಹಡಗಿನ ನಕ್ಷೆ ಬಿಡಿಸಿ ಗುರುತು ಹಾಕಿದ್ದರು. ಮೇಲೆ ಬ್ರಿಡ್ಜಿನಲ್ಲಿ ಹಡಗು ನಡೆಸುವವರಿಗೆ, ಅದರ ಪಕ್ಕದಲ್ಲಿ ಕಾವಲು ನಿಲ್ಲುವವರಿಗೆ. ಅಡುಗೆಮನೆ ಕೆಳಗೆ. ಇನ್ನೊಂದು ಜೊತೆಗೆ ನಾನೇ ಹಣ ಹಾಕುತ್ತೇನೆ ಎಂದು ಹೋಗಿ ಕೇಳಿದೆ. ಕಂಪನಿ ಪರವಾನಗಿ ಮಾಡಿಸಿದ್ದು ಆರು ಜೊತೆಗೆ, ಒಂದೂ ಹೆಚ್ಚು ಕೊಡಲಾರೆ ಎಂದ ವ್ಯಾಪಾರಿ. ತಿದ್ದುಪಡಿಗೆ ಸಮಯವಿಲ್ಲ ಎಂದರು ಮುದೀರ್.

ಅಷ್ಟರಲ್ಲಿ ಊರಿನಿಂದ ಅಕ್ಕನ ಫೋನು.

"ಆ ಗುಂಡಿನ ಕವಚ ಎಲ್ಲ ಅಂಗಡಿಯಿಂದ ತೆಗೆಯುದು ನೀನೇ ಅಲ್ವಾ? ಇವರು ಹೇಳಿದ್ರು. ಬಡಿಸುವವ ನಮ್ಮವನಾದ್ರೆ ಕಡೇ ಪಂಕ್ತಿಯಲ್ಲಿ ಕೂತ್ರೂ ಆಗ್ತದೆ. ನಂಗೆ ಈಗ ಹೆದರಿಕೆ ಇಲ್ಲ."

ನನಗೆ ಸಿಟ್ಟು ಬಂತು. ಅಕ್ಕನ ಮೇಲಲ್ಲ, ಆ ಗಾದೆಯ ಮೇಲೆ. ಅದನ್ನು ಕಟ್ಟಿದವರು ಬಡಿಸುವವನನ್ನು ಒಂದು ಮಾತು ಕೇಳಿರಲಿಕ್ಕಿಲ್ಲ. ನನ್ನ ಕೈಯಲ್ಲಿದ್ದದ್ದು ಬರೀ ಸೌಟು. ಭಾವನಿಗೊಂದು ಜೊತೆ ಎತ್ತಿಟ್ಟರೆ ಮೇಲೆ ನಿಂತ ಯಾರೋ ಒಬ್ಬನ ಎದೆ ಖಾಲಿ. ಅವನಿಗೂ ಒಬ್ಬ ಅಕ್ಕ ಇದ್ದಾಳು. ಹಾಗೆ ನೋಡಿದರೆ ಸರಿಯಾದದ್ದನ್ನೇ ಮಾಡಿದ್ದೆ. ಆದರೂ ಅದನ್ನು ಅಕ್ಕನಿಗೆ ಹೇಳದೆಯೇ ಫೋನು ಇಟ್ಟೆ.

ಹೊರಡುವ ಮುಂಚಿನ ಶುಕ್ರವಾರ ಭಾವ ಬುಸೈತೀನಿನ ನನ್ನ ಫ್ಲಾಟಿಗೆ ಬಂದರು. ಎಂದಿನಂತೆ ನನ್ನನ್ನು ಅಡುಗೆಮನೆಯಿಂದ ಹೊರಗೆ ಅಟ್ಟಿ ತಾವೇ ಬಂಗುಡೆ ಕಾಯಿಸಲು ನಿಂತರು. ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ.

"ಭಾವ, ಪ್ಲೇಟು ಆರೇ ಜೊತೆ. ಮೇಲಿನವರಿಗೆ. ನಿಮಗೆ ಇಲ್ಲ."

ಅವರು ಮೀನು ಮಗುಚಿದರು. "ಅದು ಸರಿಯೇ ಅಲ್ವಾ? ನಾನು ಇರುದು ಕೆಳಗೆ."

"ಹಾಗಾದ್ರೆ ಕೆಳಗೇ ಇರಿ. ಚಾ ಬೇಕಾದವರು ಇಳಿದು ಬರ್ಲಿ."

"ಕಾವಲು ನಿಂತವ ಚಾಕ್ಕೆ ಅಡಿಗೆಕೋಣೆಗೆ ಬರುದಾ? ಎಂತ ಮಾತು ಮಾರಾಯ ನಿಂದು."

ನನಗೆ ಗೊತ್ತಿರಬೇಕಿತ್ತು. ಊರಿನಲ್ಲಿ ಮದುವೆ ಅಡುಗೆ ಮಾಡುತ್ತಿದ್ದವರು ಅವರು. ಚಪ್ಪರ ಕಟ್ಟುವವನ ಕೈಗೂ ಚಾ ಹೋಗಿ ಮುಟ್ಟಬೇಕು; ಇಲ್ಲವಾದರೆ ಅಡುಗೆಯವನಿಗೇ ಅವಮಾನ. ಸುರಕ್ಷತೆಯ ಅಧಿಕಾರಿ ಬಿಡಿಸಿದ ನಕ್ಷೆಯಲ್ಲಿ ಕೆಟಲು ಹಿಡಿದು ದಿನಕ್ಕೆ ಹತ್ತು ಸಲ ಮೇಲೆ ಹತ್ತುವ ಮನುಷ್ಯ ಇರಲೇ ಇಲ್ಲ. ಮರುದಿನ ಮುದೀರ್‌ಗೆ ಹೇಳಿದೆ. "ಹತ್ತಬೇಡ ಎಂದು ಹೇಳು" ಎಂದರು. ಹೇಳಿದೆ. ಭಾವ ಆಯಿತು ಎಂದರು, ನಾನು ನಂಬಲಿಲ್ಲ.

ಹಡಗು ಹೋಯಿತು. ಕೆಲವು ದಿನಗಳ ಮೇಲೆ, ಈರುಳ್ಳಿಯ ಬಿಲ್ಲು ನೋಡುತ್ತ ಕೂತಿದ್ದಾಗ ಅಕ್ಕ ಫೋನು ಮಾಡಿದಳು. ದನಿಯಲ್ಲಿ ನಗು ಇತ್ತು.

"ಇವರು ಫೋಟೊ ಕಳಿಸಿದ್ದಾರೆ. ಕೈಯಲ್ಲಿ ಕೆಟಲು, ಮೈಗೆ ನೀನು ಕೊಟ್ಟದ್ದು. ಎಲ್ಲರಿಗಿಂತ ಒಳ್ಳೆಯದನ್ನು ನಂಗೇ ಕೊಟ್ಟಿದ್ದಾನೆ ಅಂತ ಬರೆದಿದ್ದಾರೆ."

ಫೋಟೊ ನನಗೂ ಕಳಿಸಿದಳು. ಹಿಂದೆ ನೀಲಿ ಸಮುದ್ರ. ನಿಂತದ್ದು ಬ್ರಿಡ್ಜಿನ ಪಕ್ಕದಲ್ಲೇ. ಎದೆಯ ಮೇಲಿನ ಜೇಬು ಮಡಚಿ ಜೋತುಬಿದ್ದಿತ್ತು. ಒಳಗೆ ಪ್ಲೇಟಿದ್ದರೆ ಅದು ಹಾಗೆ ಮಡಚುವುದಿಲ್ಲ.

"ಇವರಿಗೆ ಭುಜನೋವು ಉಂಟಲ್ವಾ," ಅಂದಳು ಅಕ್ಕ. "ಅದು ತುಂಬ ಭಾರವಾ?"

"ಇಲ್ಲಕ್ಕ," ಎಂದೆ. "ಅವರದ್ದು ಭಾರವೇ ಇಲ್ಲ."